ವಾರಕ್ಕೊಂದು ಗುಣ ಕಲಿಯಲು ಹೊರಟ ಸಿಡುಕ

ಒಳ್ಳೆಯವನಾಗಬೇಕು ಅಂತ ಹೊರಟಾಗಲೆಲ್ಲ ನನಗೆ ಏನಾದರೊಂದು ಫಜೀತಿ ಕಾದಿರುತ್ತದೆ. ಇದ್ದ ಹಾಗೇ ಇದ್ದ ದಿನಗಳು ಎಷ್ಟೋ ನೆಮ್ಮದಿಯಾಗಿ ಕಳೆದಿವೆ.

ನಾನು ಸೌದಿಯ ಅಬ್ಕೈಕ್‌ನಲ್ಲಿ ಒಂದು ಗುತ್ತಿಗೆ ಕಂಪನಿಯ ಮೆಕ್ಯಾನಿಕಲ್ ಸೂಪರ್‌ವೈಸರ್. ಕೆಲಸ ಚೆನ್ನಾಗಿಯೇ ಮಾಡುತ್ತೇನೆ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ನಮ್ಮ ಸೌದಿ ಮ್ಯಾನೇಜರು ಒಂದು ದಿನ ಕರೆದು, "ನಿನ್ನ ಬಾಯಿಯ ಬಗ್ಗೆ ಇನ್ನೊಂದು ದೂರು ಬಂದರೆ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ" ಅಂದರು. ಕಾಂಟ್ರಾಕ್ಟ್ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ, ಹೋಯಿತು, ಇಕಾಮಾ ಹೋದರೆ ಊರಿಗೆ ಗಂಟುಮೂಟೆ. ಮಗಳು ಹತ್ತನೇ ಕ್ಲಾಸು. ನನಗೆ ನಿಜವಾಗಿ ಹೆದರಿಕೆಯಾಯಿತು.

ಆಗ ದಾರಿ ತೋರಿಸಿದವರು ನಮ್ಮ ಸೈಟಿಗೆ ಬಂದಿದ್ದ ಅಮೆರಿಕದ ಇಂಜಿನಿಯರು. ಅವರು ಯಹೂದಿ. "ನಮ್ಮಲ್ಲಿ ಮುಸ್ಸಾರ್ ಅಂತ ಒಂದು ಅಭ್ಯಾಸ ಇದೆ. ವಾರಕ್ಕೆ ಒಂದೇ ಗುಣ. ಇಡೀ ವಾರ ಅದನ್ನೇ ಗಮನಿಸು, ಸಂಜೆ ಎಲ್ಲಿ ಎಡವಿದೆ ಅಂತ ಬರೆದಿಡು" ಅಂದರು. ಪಟ್ಟಿಯನ್ನೂ ಕೊಟ್ಟರು. ನಾನೊಬ್ಬನೇ ಏಕೆ ಒದ್ದಾಡಲಿ ಅಂತ, ನಾವು ವಾಸವಿರುವ ಅಲ್ ಖೋಬರಿನಿಂದ ನನ್ನ ಜೊತೆ ಒಂದೇ ಕಾರಿನಲ್ಲಿ ಬರುವ ಇಬ್ಬರನ್ನೂ ಸೇರಿಸಿಕೊಂಡೆ. ಒಬ್ಬರು ಮಂಗಳೂರಿನ ಬ್ಯಾರಿ, ಸೇಫ್ಟಿ ಆಫೀಸರು. ಇನ್ನೊಬ್ಬರು ಮೈಸೂರಿನ ಅಕೌಂಟೆಂಟು, ಕಾರು ಅವರದೇ.

ತಾಳ್ಮೆ

ಮೊದಲ ವಾರ ತಾಳ್ಮೆ. ಕಾರು ಹೊರಡುತ್ತಿದ್ದಂತೆ ಸೇಫ್ಟಿಯವರು, "ಇದೆಂತ ಹೊಸತು ಮಾರಾಯ? ನಮ್ಮ ಸಬ್ರ್ ಅಂದ್ರೆ ಇದೇ ಅಲ್ವಾ" ಅಂದರು.

"ಸಹನೆ ಅಂತ ನಮ್ಮಲ್ಲೂ ಮೊದಲಿಂದ ಇದೆ ಕಣ್ರೀ" ಅಂದರು ಮೈಸೂರಿನವರು.

"ಮೊದಲಿಂದ ಅಂದ್ರೆ ಯಾವಾಗಿಂದ?"

ಅಬ್ಕೈಕ್ ಬರುವಷ್ಟರಲ್ಲಿ ಇಬ್ಬರ ಮುಖವೂ ಕೆಂಪಾಗಿತ್ತು. ನಡುವೆ ಬಿಡಿಸಲು ಹೋದ ನಾನು ಇಬ್ಬರಿಗಿಂತ ಜೋರಾಗಿ ಕಿರುಚಿದ್ದೆ. ಕ್ಯಾಂಟೀನಿನಲ್ಲಿ ಅಮೆರಿಕದವರಿಗೆ ನಾಚಿಕೊಂಡೇ ವರದಿ ಒಪ್ಪಿಸಿದೆ.

"ಸರಿಯಾಗಿಯೇ ಶುರು ಮಾಡಿದ್ದೀರಿ. ನಮ್ಮವರೂ ಜಗಳ ಆಡಿಕೊಂಡೇ ಕಲಿತದ್ದು" ಅಂದರು ಅವರು.

ವಿನಯ

ಮುಂದಿನ ಸೀಟು ಯಾವತ್ತೂ ಸೇಫ್ಟಿಯವರದ್ದು. ವಿನಯದ ವಾರ ಅವರು ಬೆಳಿಗ್ಗೆಯೇ ಹಿಂದೆ ಹೋಗಿ ಕೂತರು. ನಾನೇನು ಕಡಿಮೆ? ನಾನೂ ಹಿಂದೆಯೇ ಕೂತೆ. ಮೈಸೂರಿನವರು ಒಬ್ಬರೇ ಮುಂದೆ.

ಚೆಕ್‌ಪಾಯಿಂಟಿನಲ್ಲಿ ಪೊಲೀಸ್ ತಡೆದ. ಲೈಸೆನ್ಸ್ ಇಲ್ಲದೆ ಸ್ವಂತ ಕಾರನ್ನು ಟ್ಯಾಕ್ಸಿಯಾಗಿ ಓಡಿಸುವವರ ಮೇಲೆ ಇಲ್ಲಿ ಕಣ್ಣಿಟ್ಟಿರುತ್ತಾರೆ. ನಾವು ಸ್ನೇಹಿತರು ಅಂದೆವು.

"ಸ್ನೇಹಿತರಾದರೆ ಪಕ್ಕದಲ್ಲಿ ಯಾಕೆ ಯಾರೂ ಕೂತಿಲ್ಲ?"

ಮೈಸೂರಿನವರ ಮುಖದ ಬಣ್ಣವೇ ಇಳಿಯಿತು. ಸೇಫ್ಟಿಯವರು ತಮಗೆ ಗೊತ್ತಿದ್ದ ಅರಬ್ಬಿಯಲ್ಲಿ ವಿನಯ ಅಂದರೇನು, ನಾವು ಅದನ್ನು ಹೇಗೆ ಅಭ್ಯಾಸ ಮಾಡುತ್ತಿದ್ದೇವೆ ಅಂತ ಐದು ನಿಮಿಷ ವಿವರಿಸಿದರು. ಪೊಲೀಸ್ ಪೂರ್ತಿ ಕೇಳಿಸಿಕೊಂಡ.

"ಒಳ್ಳೆಯದು. ಈಗ ನಿಮ್ಮಲ್ಲಿ ಒಬ್ಬರು ಅಹಂಕಾರ ಮಾಡಿಕೊಂಡು ಮುಂದೆ ಬಂದು ಕೂತುಕೊಳ್ಳಿ. ಯಲ್ಲಾ, ಹೊರಡಿ" ಅಂದ.

ಇನ್ನೊಬ್ಬರಲ್ಲಿ ಒಳ್ಳೆಯದನ್ನೇ ಎಣಿಸುವುದು

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ದಿನಾ ಸಂಜೆ ಧಡಬಡ ಸದ್ದು. ನಾನು ಕೋಲಿನಿಂದ ಸೀಲಿಂಗ್ ಕುಟ್ಟುತ್ತಿದ್ದೆ, ಅವರು ಇನ್ನೂ ಜೋರು ಮಾಡುತ್ತಿದ್ದರು. ಈ ವಾರ ಕೋಲು ಮುಟ್ಟಲಿಲ್ಲ. ಪಾಪ, ಏನೋ ಕಾರಣವಿರಬೇಕು ಅಂತ ಹಲ್ಲು ಕಚ್ಚಿ ಕೂತೆ. ಗುರುವಾರ ಹೆಂಡತಿ ಮಾಡಿದ ಬನ್ಸ್ ಹಿಡಿದುಕೊಂಡು ಮೇಲೆ ಹೋದೆ.

ಬಾಗಿಲು ತೆಗೆದ ಗೃಹಿಣಿ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟರು. "ಹುಷಾರಾಗಿದ್ದೀರಲ್ಲ, ಸದ್ಯ. ನೀವು ತಾಳ ಹಾಕುವುದು ನಿಲ್ಲಿಸಿದ ಮೇಲೆ ಮಕ್ಕಳ ಡ್ಯಾನ್ಸ್ ಪ್ರಾಕ್ಟೀಸೇ ಕೆಟ್ಟುಹೋಗಿದೆ ಅಣ್ಣ."

ಮೌನ

ಮೌನದ ನಿಯಮ ಸುಲಭ: ಉತ್ತರಿಸುವ ಮೊದಲು ಒಂದು ದೀರ್ಘ ಉಸಿರು. ಸರಿಯಾಗಿ ಅದೇ ವಾರ ಮ್ಯಾನೇಜರು ಕಾಂಟ್ರಾಕ್ಟಿನ ಮಾತಿಗೆ ಕರೆದರು. ನನ್ನ ಮೇಲಿನ ಹಳೆಯ ದೂರುಗಳನ್ನೆಲ್ಲ ಒಂದೊಂದಾಗಿ ಓದಿದರು. ಅರ್ಧಕ್ಕರ್ಧ ಸುಳ್ಳು. ನನ್ನ ಕಿವಿ ಬಿಸಿಯಾಯಿತು, ಮಗಳ ಮುಖ ನೆನಪಾಯಿತು, ಉಸಿರೆಳೆದೆ.

"ಏನೂ ಹೇಳುವುದಿಲ್ಲವಾ? ಕತಾರಿನಲ್ಲಿ ಬೇರೆ ಕೆಲಸ ಸಿಕ್ಕಿದೆಯಾ?"

ಮತ್ತೆ ಉಸಿರೆಳೆದೆ. ಅದನ್ನು ಬಿಡುವ ಮೊದಲೇ ಅವರು ಪೆನ್ನು ತೆಗೆದು, ಎರಡು ವರ್ಷಕ್ಕೆ ಸಹಿ ಹಾಕಿ, ಹೋಗು ಅಂತ ಕೈ ಬೀಸಿದರು.

ಕಾರಿನಲ್ಲಿ ಸಂಭ್ರಮವೋ ಸಂಭ್ರಮ. ಅಷ್ಟರಲ್ಲಿ ಮೈಸೂರಿನವರು ಪಟ್ಟಿ ನೋಡಿದರು. ಬರುವ ವಾರದ ಗುಣ, ಸತ್ಯ.

ಕತಾರಿನ ಪ್ರಶ್ನೆಗೆ ನಾನು ಇಲ್ಲ ಅಂದಿರಲಿಲ್ಲ. ಸೇಫ್ಟಿಯವರು, "ನೀನು ಇನ್ನೊಂದು ವಾರ ಮೌನವನ್ನೇ ಮಾಡು ಮಾರಾಯ. ನಿಂದು ಇನ್ನೂ ಪಕ್ಕಾ ಆಗ್ಲಿಲ್ಲ" ಅಂದರು.

ಸತ್ಯ

ಶುಕ್ರವಾರ, ಶನಿವಾರ ರಜೆಯ ಎರಡೂ ದಿನ ಊಟ ರುಚಿಸಲಿಲ್ಲ. ಭಾನುವಾರ ಬೆಳಿಗ್ಗೆ ಸೀದಾ ಮ್ಯಾನೇಜರ ಕೋಣೆಗೆ ಹೋಗಿ ನಿಂತೆ.

"ಸರ್, ನನಗೆ ಕತಾರಿನಲ್ಲಿ ಯಾವ ಕೆಲಸವೂ ಸಿಕ್ಕಿಲ್ಲ. ನೀವು ಹಾಗಂದುಕೊಂಡು ಸಹಿ ಹಾಕಿದ್ದರೆ ವಾಪಸ್ ತೆಗೆದುಕೊಳ್ಳಿ."

ಅವರು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಗೊತ್ತು. ನಿನ್ನ ಸಿಟ್ಟಿನ ಸುದ್ದಿ ಕತಾರಿಗೂ ತಲುಪಿದೆ, ಅಲ್ಲಿ ನಿನ್ನನ್ನು ಯಾರು ತೆಗೆದುಕೊಳ್ಳುತ್ತಾರೆ? ನೀನು ಸಿಡಿಯುತ್ತೀಯೋ ಇಲ್ಲವೋ ನೋಡಲು ಕೇಳಿದ್ದು."

ನನ್ನ ಕಣ್ಣು ತುಂಬಿ ಬಂತು. ಥ್ಯಾಂಕ್ಸ್ ಹೇಳಿ ಬಾಗಿಲ ಬಳಿ ಬಂದಾಗ ಅವರೇ ಮೆಲ್ಲಗೆ ಕರೆದು, ಒಂದು ಚೀಟಿಯನ್ನು ನನ್ನ ಕಡೆ ತಳ್ಳಿದರು.

"ಯಾರಿಗೂ ಹೇಳುವುದಿಲ್ಲ. ಸಿಟ್ಟಿಗೆ ನೀನು ತೆಗೆದುಕೊಳ್ಳುತ್ತಿರುವ ಮಾತ್ರೆಯ ಹೆಸರು ಇದರಲ್ಲಿ ಬರೆ. ನನ್ನ ತಮ್ಮನಿಗೂ ಬೇಕು."