ಬೀಸುಕಲ್ಲಿನ ಮುಂದೆ ಇಂಗ್ಲಿಷ್

ನನ್ನ ಸೊಸೆ ಎದುರು ಮಾತಾಡುವುದಿಲ್ಲ ಎಂಬುದೇ ನನ್ನ ತಕರಾರು.

ಇದನ್ನು ಕೇಳಿದ ಅತ್ತೆಯಂದಿರು ನನ್ನನ್ನು ಹುಚ್ಚಿ ಎಂದಾರು. ಎಂದೂ ಆಗಿದೆ. ಪಕ್ಕದ ಮನೆಯ ಸಕ್ಕುಬಾಯಿ ತನ್ನ ಸೊಸೆಯ ಬಾಯಿಗೆ ಹೆದರಿ ಹೊತ್ತುಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ಆಶ್ರಯ ಪಡೆಯುವ ನಿರಾಶ್ರಿತೆ. ಅವಳ ಮುಂದೆ ಗೋಳು ತೋಡಿಕೊಂಡೆ.

"ಗುರುಬಾಯಿ, ನಿನಗ ಸುಖ ಭಾಳ ಆಗ್ಯಾದ," ಎಂದಳು. "ಸೊಸ್ತೇರನ್ನ ಅದಲಾಬದಲಿ ಮಾಡೂಣೇನು?"

ಅವಳಿಗೇನು ಗೊತ್ತು ನನ್ನ ಸಂಕಟ!

ಸೊಸೆ ಇಂದುಬಾಯಿ ಅಕ್ಕಲಕೋಟೆಯ ಬಸಯ್ಯ ಮಾಸ್ತರರ ಮಗಳು. ಅವಳನ್ನು ಅವರು ಕಾಲೇಜಿನ ಮೆಟ್ಟಿಲು ಹತ್ತಿಸಿದ್ದರು. ಮದುವೆಯ ದಿನ ನನಗೆ ಕೈಮುಗಿದು, "ಬೀಗತೇರ, ಇಕಿ ಪುಸ್ತಕ ಅಟ್ಟಕ್ಕ ಹೋಗದಂಗ ನೋಡ್ಕೋರಿ, ಅಷ್ಟಽ ಸಾಕು" ಎಂದಿದ್ದರು. ನಾನು ಹೂಂ ಅಂದಿದ್ದೆ. ಆ ಹೂಂ ಉಳಿಸುವ ಕಾಲ ಈಗ ಬಂದಿತ್ತು. ಸೋಲಾಪುರದ ನಮ್ಮ ಮನೆಯ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಮ್ಯಾಟ್ರಿಕ್ ವರ್ಗಕ್ಕೆ ಇಂಗ್ಲಿಷ್ ನಿಬಂಧ ಕಲಿಸುವವರು ಬೇಕಾಗಿದ್ದರು. ನಿಬಂಧವೆಂದರೆ ಆಕಳ ಮೇಲೆ ನಾಲ್ಕು ಸಾಲು ಗೀಚುವುದಲ್ಲವಂತೆ. ಒಂದು ಮಾತು ಎತ್ತಿ, ಅದಕ್ಕೆ ಕಾರಣ ಕೊಟ್ಟು, ಎದುರಾಳಿಯ ಮಾತಿಗೂ ಮರ್ಯಾದೆ ಮಾಡಿ, ಕೊನೆಗೆ ತೀರ್ಪು ಹೇಳುವ ಘನವಾದ ಇಂಗ್ಲಿಷ್. ಬರುವ ಸೋಮವಾರ ಇಂದುಬಾಯಿ ಒಂದು ಪಾಠ ಮಾಡಿ ತೋರಿಸಬೇಕು. ಷರತ್ತು ಒಂದೇ: ಕಟ್ಟಕಡೆಯ ಬೆಂಚಿಗೂ ಕೇಳಿಸಬೇಕು. ಶಾಲೆಯ ಕಿಟಕಿಯ ಕೆಳಗೇ ಟಾಂಗಾ ನಿಲ್ಲುವ ಜಾಗ. ಹಿಂದೆ ಇದ್ದ ಬಾಯಿಯವರ (ಮಾಸ್ತರೀಣಿಗೆ ಇಲ್ಲಿ ಬಾಯಿ ಎನ್ನುತ್ತಾರೆ) ಇಂಗ್ಲಿಷನ್ನೆಲ್ಲ ಕುದುರೆಗಳೇ ನುಂಗಿದ್ದವಂತೆ.

ಇಂದುವಿನ ದನಿಯೋ! ಹಿರಿಯರ ಮುಂದೆ ಸೆರಗು ಜಾರಬಾರದು, ದನಿ ಏರಬಾರದು, ಬೆನ್ನು ತಿರುಗಬಾರದು ಎಂದು ತಾಯಿ ಹೇಳಿ ಕಳಿಸಿದ್ದನ್ನು ಅವಳು ಕಾಲೇಜಿನ ಪಾಠಕ್ಕಿಂತ ಚೆನ್ನಾಗಿ ಬಾಯಿಪಾಠ ಮಾಡಿದ್ದಳು. ಅವಳು ನನ್ನನ್ನು ಊಟಕ್ಕೆ ಕರೆದದ್ದು ನನಗೆ ಗೊತ್ತಾಗುತ್ತಿದ್ದುದು ರೊಟ್ಟಿಯ ವಾಸನೆಯಿಂದ.

ಮೊದಲು ಮಗ ಶಾಂತಲಿಂಗಪ್ಪ ಗುರುವಾದ. (ಗಿರಣಿಯಲ್ಲಿ ಕಾರಕೂನ. ಮಗ್ಗಗಳ ಗದ್ದಲದಲ್ಲಿ ಮಾತಾಡಿ ಮಾತಾಡಿ, ಅವನು ಮನೆಯಲ್ಲಿ ಕುಡಿಯಲು ನೀರು ಕೇಳಿದರೂ ಎಲ್ಲೋ ಬೆಂಕಿ ಬಿದ್ದಂತಿರುತ್ತದೆ.) ತಾನು ಪಡಸಾಲೆಯಲ್ಲಿ ಕೂತು, ಹೆಂಡತಿಯನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ.

"ಹೂಂ, ಸುರು ಮಾಡು."

ಬಾಗಿಲಲ್ಲಿ ತುಟಿ ಅಲುಗಿದವು.

"ಸುರು ಮಾಡು ಅಂದ್ನೆಲ್ಲ!"

"ಮುಗೀತಲ್ರೀ," ಎಂದಳು ಇಂದು.

ಮಗ ಹಣೆ ಹಿಡಿದುಕೊಂಡ. "ಅತ್ತಿ ಕುಂತಾರಲ್ರೀ, ಹ್ಯಾಂಗ ಒದರ್ಲಿ?" ಎಂದು ಅವಳು ಗೋಡೆಗೆ ಹೇಳಿದಳು.

"ಯವ್ವಾ, ನೀ ಹೊರಗ ನಡಿ!" ಎಂದು ಮಗ ನನ್ನ ಮೇಲೆ ಒದರಿದ.

ನಾನು ಕಟ್ಟೆಯ ಮೇಲೆ ಕೂತು, ಡಬ್ಬಿ ತೆಗೆದು ಹಲ್ಲಿಗೆ ಮಿಶ್ರಿ ತಿಕ್ಕುತ್ತ ಕಿವಿಗೊಟ್ಟೆ. (ಮಿಶ್ರಿ ಎಂದರೆ ಹುರಿದ ತಂಬಾಕಿನ ಪುಡಿ. ಬಿಡು ಬಿಡು ಎಂದು ಮಗ ವರ್ಷಗಳಿಂದ ಅರಚುತ್ತಾನೆ. ಅರಚುವವನ ಮಾತು ಯಾರು ಕೇಳುತ್ತಾರೆ?) ದೇವರು ನನಗೆ ಅಕ್ಷರ ಕಡಿಮೆ ಕೊಟ್ಟು ಕಿವಿಯನ್ನು ಧಾರಾಳವಾಗಿ ಕೊಟ್ಟಿದ್ದಾನೆ. ಆ ಕಿವಿಗೂ ಏನೂ ಬೀಳಲಿಲ್ಲ.

ಮರುದಿನ ನಸುಕಿನಲ್ಲಿ ಉಪಾಯ ತಾನಾಗಿ ನಡೆದು ಬಂತು. ಹನ್ನೂರಿನ ನಮ್ಮ ಹೊಲದಿಂದ ಜೋಳ ಬಂದಿತ್ತು. ಇಂದು ಬೀಸುತ್ತ ಹಾಡುತ್ತಿದ್ದಳು. ನಾನು ಹಾಸಿಗೆಯಲ್ಲಿ ದಡಕ್ಕನೆ ಎದ್ದು ಕೂತೆ. ಅವಳ ದನಿ ಕಲ್ಲಿನ ಗರಗರವನ್ನು ಮೀರಿ, ಮಾಳಿಗೆ ದಾಟಿ, ಓಣಿಯಲ್ಲಿ ಓಡಾಡುತ್ತಿತ್ತು! ಯೋಚಿಸಿದರೆ ಸರಿಯೇ. ಬೀಸುವವಳ ಹಾಡನ್ನು ಯಾವ ಅತ್ತೆಯೂ 'ದನಿ ಏರಿಸಿದಳು' ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮಾತಲ್ಲ, ಕೆಲಸ.

"ಇಂದೂ, ಹಾಡು ಬಿಡು. ಪುಸ್ತಕ ತಗೊಂಬಾ, ಪಾಠ ಬೀಸು."

"ಅಯ್ಯ ಅತ್ತಿ! ಇಂಗ್ಲಿಷ್ ಬೀಸೂದಂದ್ರ ಹ್ಯಾಂಗ್ರಿ?"

"ಜ್ವಾಳಕ್ಕ ಭಾಷಾ ಎಲ್ಲಿ ತಿಳೀತದವಾ? ಹಾಕು ಮುಷ್ಟಿ."

ನಾನು ಕಲ್ಲಿನ ಆಚೆ ಕೂತು ಗೂಟಕ್ಕೆ ಕೈಕೊಟ್ಟೆ. ಕಲ್ಲು ತಿರುಗಿತು, ದನಿ ಏರಿತು. 'ದೇರ್‌ಫೋರ್' ಎಂದಾಗ ಮುಷ್ಟಿ ಜೋಳ ಬೀಳುವುದು, 'ಹೌಎವರ್' ಎಂದಾಗ ಕೈ ಬದಲಿಸುವುದು ಎಂದು ನಮ್ಮಲ್ಲಿ ಒಪ್ಪಂದವಾಯಿತು. ಮೊದಲನೆಯದು 'ಅದಕ್ಕಽ', ಎರಡನೆಯದು 'ಹಂಗಾದ್ರೂ' ಎಂದು ಅವಳೇ ಬಿಡಿಸಿ ಹೇಳಿದಳು. ಇಷ್ಟು ಕಾಲ ಈ ಎರಡು ಮಾತಿಲ್ಲದೆ ಸಂಸಾರ ಹೇಗೆ ಮಾಡಿದೆನೋ!

ಇಂಗ್ಲಿಷ್ ಸುಧಾರಿಸಿದಂತೆ ಹಿಟ್ಟು ಏರಿತು. ಗಡಿಗೆ, ಬುಟ್ಟಿ, ಕೊನೆಗೆ ಮಗನ ಸ್ನಾನದ ಹಂಡೆಯೂ ತುಂಬಿತು.

"ಯವ್ವಾ, ಇಕಿಗಿ ನೌಕರಿ ಸಿಗೂದ್ರಾಗ ನಾನಽ ಒಂದು ಜ್ವಾಳದ ಚೀಲ ಆಗ್ತೀನಿ," ಎಂದು ಮಗ ಮೈಮೇಲೆ ನೀರಿಲ್ಲದೆ ಗಿರಣಿಗೆ ಹೋದ. ನಮ್ಮ ಜೋಳ ತೀರಿತು. ಸಕ್ಕುಬಾಯಿ ತನ್ನ ಬುಟ್ಟಿ ಹೊತ್ತು ಬಂದಳು: "ನಮ್ಮದೂ ಇದಿಷ್ಟು ಇಂಗ್ಲಿಷ್ ಮಾಡಿ ಕೊಡ್ರೆವಾ!"

ಸೋಮವಾರ ಬಂತು. ನಾನು ಜೊತೆಗೆ ಹೋದೆ. ಶಾಲೆಯ ಮೋಠ್ಯಾ ಬಾಯಿ, ಎಂದರೆ ಹೆಡ್‌ಮಾಸ್ತರೀಣಿ, ನನ್ನನ್ನು ನೋಡಿ ನಕ್ಕು, "ಆಜಿ, ತುಮ್ಹೀ ಮಾಗ ಬಸಾ" ಎಂದು ಕಡೆಯ ಬೆಂಚು ತೋರಿಸಿದರು. ಅಜ್ಜಿಗೆ ಕೇಳಿಸಿದರೆ ಎಲ್ಲರಿಗೂ ಕೇಳಿಸಿದ ಹಾಗೆ ಎಂಬ ಲೆಕ್ಕ. ಹುಡುಗಿಯರ ನಡುವೆ ನಾನು ಠೀವಿಯಿಂದ ಕೂತೆ.

ಅದೇ ತಪ್ಪಾದದ್ದು. ಇಂದು ಕಟ್ಟೆ ಹತ್ತಿದಳು, ನನ್ನನ್ನು ಕಂಡಳು, ಸೆರಗು ಹಣೆಗಿಳಿಯಿತು. ತುಟಿ ಅಲುಗಿದವು, ಅಡುಗೆಮನೆಯ ಬಾಗಿಲಲ್ಲಿ ಅಲುಗಿದ ಹಾಗೆಯೇ. ಕರಿಹಲಗೆಯ ಮೇಲೆ ಬರೆಯುವಾಗ ನನಗೆ ಬೆನ್ನು ತೋರಿಸಬಾರದೆಂದು ಮೈ ಓರೆ ಮಾಡಿದಳು. ಸಾಲುಗಳು ಗಾಡಿಯಿಂದ ಚೀಲ ಜಾರಿದಂತೆ ಜಾರಿದವು. ಕೆಳಗೆ ಕುದುರೆ ಕೆನೆಯಿತು. ಅದು ಸ್ಪಷ್ಟವಾಗಿ ಕೇಳಿಸಿತು.

"ಮಾಗ ಐಕೂ ಯೇತ ಕಾ?" ಹಿಂದೆ ಕೇಳಿಸುತ್ತದೆಯೇ ಎಂದು ಮೋಠ್ಯಾ ಬಾಯಿ ನನ್ನನ್ನು ಕೇಳಿದರು.

"ಯೇತ, ಯೇತ! ಛಾನ!" ಚೆನ್ನಾಗಿ ಕೇಳಿಸುತ್ತದೆ ಎಂದುಬಿಟ್ಟೆ.

"ಕಾಯ ಮ್ಹಣಾಲ್ಯಾ?" ಏನಂದರಂತೆ?

"ದೇರ್‌ಫೋರ್," ಎಂದೆ ಧೈರ್ಯವಾಗಿ.

ವರ್ಗವೆಲ್ಲ ಕಿಸಕ್ಕೆಂದಿತು. ಮೋಠ್ಯಾ ಬಾಯಿ ಗಡಿಯಾರ ನೋಡಿಕೊಂಡರು. ನನಗೆ ಅಟ್ಟದ ಏಣಿ ಕಣ್ಣಿಗೆ ಕಟ್ಟಿತು. ಬಸಯ್ಯ ಮಾಸ್ತರರು ಮುಗಿದ ಕೈಯೂ ಕಂಡಿತು. ಪಕ್ಕದಲ್ಲಿ ಕಿಟಕಿ, ಕಿಟಕಿಗೆ ಕಲ್ಲಿನ ಹಾಸು. ಸೊಂಟದಿಂದ ಮಿಶ್ರಿಯ ಹಿತ್ತಾಳೆ ಡಬ್ಬಿ ತೆಗೆದು, ಕಲ್ಲಿನ ಮೇಲೆ ಬೋರಲು ಹಾಕಿ ತಿರುವಿದೆ. ಗರ್ರ್, ಗರ್ರ್.

ಇಂದುವಿನ ಕತ್ತು ಎದ್ದಿತು. ಗರ್ರ್, ಗರ್ರ್. ಬಲಗೈ ತಾನಾಗಿ ಸುತ್ತತೊಡಗಿತು. ಮೊದಲ 'ಹೌಎವರ್' ಹೊರಟಾಗ ತೊಲೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಆಮೇಲೆ ಕುದುರೆಗೂ ಸರದಿ ಸಿಗಲಿಲ್ಲ, ಟಾಂಗಾದವನಿಗೂ ಸಿಗಲಿಲ್ಲ. ಕಾರಣದ ಮೇಲೆ ಕಾರಣ ಬಿತ್ತು. ಸೆರಗು ಭುಜಕ್ಕೆ ಜಾರಿತು. ಅವಳು ವರ್ಗಕ್ಕೆ ಪೂರ್ತಿ ಬೆನ್ನು ತಿರುಗಿಸಿ ನೆಟ್ಟಗೆ ಒಂದು ಸಾಲು ಬರೆದಳು. ನಾನು ಆನಂದದಲ್ಲಿ ನಿಲ್ಲಿಸುವುದನ್ನೇ ಮರೆತೆ. ತೂಗಾಡುತ್ತ ಡಬ್ಬಿ ತಿರುವಿದೆ. ಅಕ್ಕಪಕ್ಕದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು.

"ಲಾಸ್ಟ್ ಬೆಂಚ್!" ಹಲಗೆಯ ಕಡೆಯಿಂದ ಗುಡುಗು ಬಂತು. "ಹೂ ಈಸ್ ದ್ಯಾಟ್? ಸ್ಟ್ಯಾಂಡ್ ಅಪ್!"

ನನಗೆ ಇಂಗ್ಲಿಷ್ ಬಾರದು. ಆದರೆ ಆ ದನಿಗೆ ಅನುವಾದ ಬೇಕಿರಲಿಲ್ಲ. ನಾನು ಎದ್ದು ನಿಂತೆ.

ಇಂದು ತಿರುಗಿ ನೋಡಿದಳು. ಸುಣ್ಣದ ಕಡ್ಡಿ ಕೈಯಿಂದ ಬಿತ್ತು. ನಾನು ಅವಳಿಗೆ ಕಣ್ಣಲ್ಲೇ ಹೇಳಿದೆ: ನಡೆಸು. ಕೂರಲೂ ಇಲ್ಲ. ಕೂತರೆ ಬಾಯಿಯವರ ಮಾತಿಗೆ ಕಿಮ್ಮತ್ತು ಎಲ್ಲಿ ಉಳಿಯಿತು? ಮೊಣಕಾಲು ಚೀರಿದರೂ ಗಂಟೆ ಹೊಡೆಯುವವರೆಗೆ ನಿಂತೇ ಇದ್ದೆ. ಜೀವಮಾನದಲ್ಲಿ ಅಷ್ಟು ಸಂತೋಷದಿಂದ ಶಿಕ್ಷೆ ಅನುಭವಿಸಿದವಳು ನಾನೊಬ್ಬಳೇ ಇರಬೇಕು. ಮೋಠ್ಯಾ ಬಾಯಿ ನನ್ನ ಡಬ್ಬಿ ಜಪ್ತು ಮಾಡಿ ಇಂದುವಿನ ಕೈಗಿಟ್ಟು, "ಉದ್ಯಾಪಾಸೂನ ಯಾ" ಎಂದರು. ನಾಳೆಯಿಂದಲೇ ಬನ್ನಿ!

ಮನೆಗೆ ಬಂದು ಇಂದು ನನ್ನ ಕಾಲು ಹಿಡಿದು ಅತ್ತಳು. ನಾನು ಬೀಸುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಅಕ್ಕಲಕೋಟೆಯ ಬೀಗರಿಗೂ ಮನಸ್ಸಿನಲ್ಲೇ ಕೈಮುಗಿದೆ. ಆಮೇಲೆ ಮೆಲ್ಲಗೆ ಡಬ್ಬಿ ಕೇಳಿದೆ.

ಅವಳು ಎದ್ದು ನಿಂತಳು. "ಕೊಡೂದಿಲ್ರಿ ಅತ್ತಿ. ಒಂದನೇದು, ನಿಮ್ಮ ದವಡಿಗಿ ದಿನಾ ಬಾವು ಬರ್ತದ. ಎರಡನೇದು, ರಾತ್ರಿಯೆಲ್ಲ ಕೆಮ್ತೀರಿ. ಹಂಗಾದ್ರೂ, ಹಳೀ ರೂಢಿ, ಬಿಡಾಕ ಆಗೂದಿಲ್ಲ ಅಂತೀರಿ, ಅದನ್ನೂ ಒಪ್ತೀನಿ. ಅದಕ್ಕಽ, ಮುಂಜಾನಿ ಒಂದಽ ಚಿಟಿಕಿ, ಅದೂ ನನ್ನ ಕೈಲೆ."

ಅವಳ ವಾದದಲ್ಲಿ ಎಲ್ಲಿ ಬಿರುಕಿದೆ ಎಂದು ಹುಡುಕಿದೆ. ಸಿಗಲಿಲ್ಲ. ಆ ನಿಬಂಧವನ್ನು ನಾನೇ ಗೂಟ ಹಿಡಿದು ಬೀಸಿದ್ದೆನಲ್ಲ!

ಸಂಜೆ ಸಕ್ಕುಬಾಯಿ ಕಟ್ಟೆಗೆ ಬಂದಾಗ ನಾನು ಆಗಲೇ ಅಲ್ಲಿದ್ದೆ. ಅವಳು ನನ್ನ ಖಾಲಿ ಕೈ ನೋಡಿ ನಕ್ಕಳು. "ಏನವಾ, ಈಗರೆ ಅದಲಾಬದಲಿ ಮಾಡೂಣೇನು?"

"ನನ್ನ ಸೊಸಿ ನಾ ಯಾರಿಗೂ ಕೊಡೂದಿಲ್ಲ," ಎಂದೆ.

ದನಿ ಇಳಿಸಿಯೇ ಹೇಳಿದೆ. ಒಳಗೆ ಬಾಯಿಯವರು ನಾಳಿನ ಪಾಠ ಓದುತ್ತಿದ್ದರು.