ಹಂದಿ ತಿಂದ ಹೆಪ್ಪು

ಅಂಗಡಿ ಇಟ್ಟವನ ಕಣ್ಣು ತೂಕ ಹಾಕದೆ ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊಮ್ಚಿಲ್ ಮೊದಲ ಸಲ ನನ್ನ ಅಂಗಡಿಯ ಬಾಗಿಲಿಗೆ ಹಣೆ ಹೊಡೆದುಕೊಂಡು ಒಳಗೆ ಬಂದಾಗ ನಾನು ಕಟ್ಟಿದ ಅಂದಾಜು ಇಷ್ಟು: ಉದ್ದ ಬೇಕಾದ್ದಕ್ಕಿಂತ ಒಂದು ಗೇಣು ಜಾಸ್ತಿ. ಆ ಪಾದಕ್ಕೆ ಹಿಡಿಸುವ ರಬ್ಬರ್ ಬೂಟು ಈ ಜಿಲ್ಲೆಯಲ್ಲೇ ಇಲ್ಲ, ಆ ಬಾಬ್ತಿನಲ್ಲಿ ಲಾಭವಿಲ್ಲ. ಅಕ್ಕಿ ಚೆನ್ನಾಗಿ ಖರ್ಚಾಗುವ ಮೈಕಟ್ಟು, ಆ ಬಾಬ್ತಿನಲ್ಲಿ ಉಂಟು. ನಗು ಧಾರಾಳ, ಚೌಕಾಸಿ ಗೊತ್ತಿಲ್ಲ. ಒಟ್ಟಿನಲ್ಲಿ ಸರಕು ಒಳ್ಳೆಯದು, ಇಡಲು ಜಾಗ ಕಷ್ಟ!

ಇಂಥ ಸರಕನ್ನು ನಮ್ಮ ಮನೆಯ ಹಿಂದಿನ ಬಿಡಾರದಲ್ಲಿ ತಂದಿಳಿಸಿದ್ದು ಪಟ್ಟಣದ ಕಚೇರಿಯವರು. ಹುಡುಗ ಬಲ್ಗೇರಿಯಾದವನು. ನಮ್ಮ ಕಣಿವೆಗೆ ವಿದೇಶಿ ಪ್ರವಾಸಿಗರನ್ನು ಸೆಳೆಯುವುದು ಅವನ ಉದ್ಯೋಗ. ಈವರೆಗೆ ಸೆಳೆತಕ್ಕೆ ಸಿಕ್ಕಿ ಬಂದ ಏಕೈಕ ಪ್ರವಾಸಿ ಅವನ ಸ್ವಂತ ಅಣ್ಣ. ಉಳಿದ ಹೊತ್ತಿನಲ್ಲಿ ಊರಿನ ಮುದುಕರ ಗದ್ದೆಬದುವಿನ ಹುಲ್ಲು ಕತ್ತರಿಸಿಕೊಂಡಿದ್ದ.

ನನ್ನ ಹೆಂಡತಿ ಫುಮಿಯೆ ಮಾತ್ರ ತೂಕ ಗೀಕ ಹಾಕಲಿಲ್ಲ. ಬಂದ ದಿನವೇ ಅವನ ಮುಂದೆ ಅನ್ನ, ಸಾರು, ಉಪ್ಪಿನಕಾಯಿ ಇಟ್ಟು "ತಿನ್ನೋ ಮಗಾ" ಅಂದಳು. ಅಂದಿನಿಂದ ಅವನು ಅವಳನ್ನು ಅಮ್ಮ ಅನ್ನುತ್ತಾನೆ. ನನ್ನನ್ನು ಯಜಮಾನ್ರೆ ಅನ್ನುತ್ತಾನೆ. ವ್ಯತ್ಯಾಸ ನನಗೂ ತಿಳಿಯುತ್ತದೆ.

ಆ ಬೇಸಿಗೆ ಫುಮಿಯೆ ಮಂಡಿಯ ಆಪರೇಷನ್ನಿಗೆಂದು ಪಟ್ಟಣದ ಆಸ್ಪತ್ರೆಗೆ ಹೊರಟಳು. ಹೊರಡುವ ಮುಂಚೆ ಅಡುಗೆಮನೆಯ ಮೂಲೆಯಲ್ಲಿದ್ದ ಮರದ ಮರಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು, ನಿಟ್ಟುಸಿರಿಟ್ಟಳು. ಮರಿಗೆಯಲ್ಲಿರುವುದು ಉಪ್ಪುನೀರು ಹಾಕಿ ಕಲಸಿದ ಅಕ್ಕಿ ತೌಡು. ನೋಡಲು ಒದ್ದೆ ಮರಳು. ಆದರೆ ಹುಳಿ ಬಂದು ಒಳಗೊಳಗೇ ಜೀವಂತವಾಗಿರುತ್ತದೆ. ಸೌತೆಯನ್ನೋ ಬದನೆಯನ್ನೋ ಅದರಲ್ಲಿ ಹೂತಿಟ್ಟರೆ ಮರುದಿನಕ್ಕೆ ಉಪ್ಪಿನಕಾಯಿ. ದಿನವೂ ಬರಿಗೈ ಹಾಕಿ ಅಡಿಮೇಲು ಮಾಡದಿದ್ದರೆ ಮಾತ್ರ ಸತ್ತುಹೋಗುತ್ತದೆ. ನಮ್ಮ ಮನೆಯದು ನನ್ನ ಅಮ್ಮನ ಕಾಲದಿಂದ ಬಂದದ್ದು.

"ನಾನು ನೋಡ್ಕೊಳ್ತೀನಿ ಬಿಡೆ," ಅಂದೆ.

"ನೀವಾ? ಹೋದ್ಸಲ ನಾನು ತವರಿಗೆ ಹೋದಾಗ್ಲೂ ಬಣ್ಣದ ಮೀನು ನೋಡ್ಕೊಳ್ತೀನಿ ಅಂದಿದ್ರಿ. ಎಲ್ರೀ ಮೀನು?"

ಆಗ ಮೊಮ್ಚಿಲ್ ಎದೆಯ ಮೇಲೆ ಕೈಯಿಟ್ಟು ಎದ್ದು ನಿಂತ. ತೊಲೆ ತಲೆಗೆ ತಗುಲಿತು, ಲೆಕ್ಕಿಸಲಿಲ್ಲ.

"ಅಮ್ಮಾ, ನನಗೆ ಬಿಡಿ. ನಮ್ಮಜ್ಜಿ ಮನೆ ಮೊಸರಿನ ಹೆಪ್ಪು ಅವರ ಅಜ್ಜಿ ಕಾಲದ್ದು. ಒಂದ್ಸಲ ಮನೆಗೆ ಬೆಂಕಿ ಬಿದ್ದಾಗ ಅಜ್ಜಿ ಒಡವೆ ಬಿಟ್ಟು ಹೆಪ್ಪಿನ ಕುಡಿಕೆ ಎತ್ಕೊಂಡು ಓಡಿದ್ರು. ತಾತನ್ನ ಆಮೇಲೆ ಕರೆದ್ರು. ಹೆಪ್ಪು ಕಾಯೋ ವಂಶದವನಮ್ಮಾ ನಾನು!"

ಫುಮಿಯೆ ಅವನ ದೊಡ್ಡ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. "ಇದು ಈ ಮನೆ ಉಸಿರು ಕಣೋ. ನಿನ್ನ ಕೈಗೆ ಕೊಟ್ಟಿದೀನಿ. ತಂಪಾಗಿರೋ ಕಡೆ ಇಡು, ಆಯ್ತಾ?"

ಅರ್ಧ ಭೂಮಿ ದಾಟಿ ಬಂದು, ಇಡೀ ಊರಿಗೆ ಇನ್ನೂ 'ಆ ಉದ್ದದವನು' ಆಗಿಯೇ ಉಳಿದಿದ್ದ ಹುಡುಗನಿಗೆ ಒಬ್ಬಾಕೆ ತನ್ನ ಮನೆಯ ಉಸಿರನ್ನೇ ಕೈಗಿತ್ತರೆ ಹೇಗಾಗಬೇಡ! ಅವನ ಕಿವಿಗಳು ಕೆಂಪಾದವು.

ಮೊದಮೊದಲು ಅವನು ಪೂಜಾರಿಯೂ ನಾಚುವಂತೆ ನಡೆದುಕೊಂಡ. ಬೆಳಗ್ಗೆ ಕೈ ತೊಳೆದು, ತೋಳೇರಿಸಿ, ಮರಿಗೆಗೆ "ಶುಭೋದಯ" ಹೇಳಿ ಅಡಿಮೇಲು ಮಾಡುತ್ತಿದ್ದ. ಸಂಜೆ ಮತ್ತೊಮ್ಮೆ. ಅಷ್ಟರಲ್ಲಿ ಸೆಕೆ ಏರಿತು. ಅಡುಗೆಮನೆ ಕಾದ ಬಾಣಲೆಯಾಯಿತು. ಅಮ್ಮ ತಂಪಾದ ಕಡೆ ಇಡು ಅಂದಿದ್ದಾಳೆ. ಹಿತ್ತಲಿನ ಜಗಲಿಗೆ ಹೊಳೆಯ ಗಾಳಿ ಬೀಸುತ್ತದೆ. ಮರಿಗೆಯನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಅಲ್ಲಿಟ್ಟು, ಮೇಲೊಂದು ತೆಳುಬಟ್ಟೆ ಹೊದಿಸಿ, ಮಲಗಲು ಹೋದ.

ಬಲ್ಗೇರಿಯಾದ ಬುದ್ಧಿಗೆ ಇದು ಸರಿಯೇ. ಆದರೆ ನಮ್ಮೂರಿನ ಹಾಲುಗಲ್ಲದ ಮಗುವೂ ಇಂಥ ಕೆಲಸ ಮಾಡದು! ಕಾಡುಹಂದಿಯನ್ನು ಬೋನಿಗೆ ಕರೆಯಲು ಇಲ್ಲಿ ಇಡುವುದೇ ಅಕ್ಕಿ ತೌಡು. ಅದೂ ಬರೀ ಒಣ ತೌಡು. ಇವನು ಇಟ್ಟದ್ದು ಉಪ್ಪು, ಮೆಣಸಿನಕಾಯಿ ಬೆರೆತು ಹದವಾಗಿ ಹುಳಿ ಬಂದ ತೌಡು, ಜೊತೆಗೆ ನಂಜಿಕೊಳ್ಳಲು ಬದನೆಕಾಯಿ. ಹಂದಿಕುಲದ ಚರಿತ್ರೆಯಲ್ಲಿ ಇಂಥ ಔತಣ ನಡೆದಿರಲಿಕ್ಕಿಲ್ಲ!

ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಅವನು ಎದುರಿಗೆ ನಿಂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ.

"ಯಜಮಾನ್ರೆ, ಮರಿಗೆ ಖಾಲಿ."

"ಖಾಲಿ ಅಂದ್ರೆ? ಎಷ್ಟು ಖಾಲಿ?"

"ತೊಳೆದಿಟ್ಟ ಹಾಗೆ."

ಹೋಗಿ ನೋಡಿದೆ. ನಿಜ. ಅಷ್ಟು ಚೊಕ್ಕಟವಾಗಿ ಆ ಮರಿಗೆಯನ್ನು ಯಾರೂ ಎಂದೂ ತೊಳೆದಿರಲಿಲ್ಲ. ಗೊರಸಿನ ಗುರುತು ನನ್ನ ಟೊಮೆಟೊ ಗಿಡಗಳ ಮೇಲೆ ಹಾದು ಕಾಡಿನತ್ತ ಹೋಗಿತ್ತು.

ಮೊಮ್ಚಿಲ್ ಜಗಲಿಯ ಅಂಚಿನಲ್ಲಿ ಕುಸಿದ. "ನಾನು ಈ ಊರು ಬಿಟ್ಟು ಹೋಗ್ತೀನಿ. ಅಮ್ಮನಿಗೆ ಈ ಮುಖ ತೋರಿಸಲಾರೆ."

"ನಿನಗೇನಪ್ಪಾ, ನೀನು ಊರು ಬಿಡಬಹುದು. ನಾನೆಲ್ಲಿಗೆ ಹೋಗ್ಲಿ? ಮೀನು ಹೋದ ಕಡೆಗೇ!"

ಆದರೂ ನಾನು ವ್ಯಾಪಾರಿ. ಕುಡುಗೋಲಿನಿಂದ ಹಿಡಿದು ಸೊಳ್ಳೆಬತ್ತಿಯವರೆಗೆ ಯಾವ ಸರಕು ಮುಗಿದರೂ ಬದಲಿ ಸರಕು ತೋರಿಸಿ ಗಿರಾಕಿಯನ್ನು ಒಪ್ಪಿಸಿದವನು. ಹೆಂಡತಿಯನ್ನು ಒಪ್ಪಿಸಲಾರೆನೆ? ಹೊಸ ತೌಡು ಹುರಿದು, ಉಪ್ಪು, ಮೆಣಸಿನಕಾಯಿ ಹಾಕಿ, ಬೇಗ ಹುಳಿ ಬರಲೆಂದು ಒಂದು ಬಾಟಲಿ ಬಿಯರನ್ನೂ ಸುರಿದೆ. ಮರುದಿನ ಸೌತೆಕಾಯಿ ತೆಗೆದು ಇಬ್ಬರೂ ಕಚ್ಚಿದೆವು. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆ!

"ಬರೀ ಹಾಲಿದ್ರೆ ಮೊಸರಾಗಲ್ಲ ಯಜಮಾನ್ರೆ," ಅಂದ ಹೆಪ್ಪಿನ ವಂಶಸ್ಥ. "ಹೆಪ್ಪು ಬೇಕು. ಅಕ್ಕಪಕ್ಕದಲ್ಲಿ ಒಂದು ಹಿಡಿ ಕೇಳೋಣ."

"ಕೇಳು, ಕೇಳು! ನೀನು ಮನೆಗೆ ವಾಪಸ್ ಬರೋದ್ರೊಳಗೆ ಆಸ್ಪತ್ರೆಗೆ ಫೋನು ಹೋಗಿರತ್ತೆ."

ಅವನು ಯೋಚಿಸಿದ. "ಅಮ್ಮ ಬರೋ ಹೊತ್ತಿಗೆ ನಾನೇ ಒಂದು ಮರಿಗೆ ಮಾಡಿ ಬೆರಗು ಮಾಡ್ಬೇಕು, ಯಾರೂ ಹೇಳ್ಬೇಡಿ ಅಂತೀನಿ. ಬೆರಗಂತೂ ಆಗ್ತಾರಲ್ಲ?"

ಚೌಕಾಸಿ ಬಾರದವನು ಅಂತ ನಾನು ಕಟ್ಟಿದ್ದ ಅಂದಾಜನ್ನು ಅಲ್ಲೇ ತಿದ್ದಿಕೊಂಡೆ.

ಮೊದಲು ಮೂಲೆಮನೆಯ ಇತ್ಸು ಅಜ್ಜಿಯ ಹತ್ತಿರ ಹೋದ. ಅಜ್ಜಿಗೆ ತೊಂಬತ್ತರ ಹತ್ತಿರ. ಇವನ ಸೊಂಟದವರೆಗೆ ಬರುತ್ತಾಳೆ.

"ಉಪ್ಪಿನಕಾಯಿ ಕಲೀತೀಯಾ? ಬಗ್ಗು, ಮುಖ ನೋಡೋಣ. ಹೂಂ, ಸುಳ್ಳು ಹೇಳೋ ಮುಖ ಅಲ್ಲ. ಹಿಡಿ ಬಟ್ಟಲು!"

ಬಟ್ಟಲು ಹಿಡಿದು ದಾರಿಗೆ ಬಂದನೋ ಇಲ್ಲವೋ, ಎದುರುಮನೆಯ ಕಿಟಕಿ ತೆರೆಯಿತು. "ಏನೋ ಅದು? ಇತ್ಸು ಮನೇದಾ? ಅವಳ ಕೈ ಉಪ್ಪುಗೈ. ನಿಲ್ಲು, ನಮ್ಮದು ತಗೊಂಡು ಹೋಗು!" ಒಬ್ಬರದು ತೆಗೆದುಕೊಂಡು ಪಕ್ಕದವರದು ಬೇಡ ಅಂದರೆ ನಮ್ಮೂರಲ್ಲಿ ಆ ಮುನಿಸು ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಹುಡುಗ ಬಟ್ಟಲಿನೊಂದಿಗೆ ಹೋದವನು ಬಕೆಟ್ಟಿನೊಂದಿಗೆ ಬಂದ.

ಅಲ್ಲಿಗೆ ಮುಗಿಯಿತೆ? ತಾವು ಕೊಟ್ಟ ಹೆಪ್ಪು ಹೇಗಿದೆ ಎಂದು ನೋಡಲು ಅಜ್ಜಿಯರು ದಿನಾ ಬರತೊಡಗಿದರು!

"ಉಗುರು ತೋರ್ಸು. ಇದೇನು ಉಗುರೋ, ಗುದ್ದಲಿಯೋ? ಕತ್ತರಿಸ್ಕೊಂಡು ಬಾ."

"ಸಾಸಿವೆ ಹಾಕೋ."

"ಸಾಸಿವೆ ಹಾಕಿದ್ರೆ ನಾನು ಈ ಮನೆ ಹೊಸಿಲು ತುಳಿಯಲ್ಲ!"

"ತುಳೀಬೇಡ, ಜಾಗ ಆಗತ್ತೆ!"

ನಡುವೆ ಮೊಮ್ಚಿಲ್ ಮೊಣಕೈವರೆಗೆ ತೌಡು ಮೆತ್ತಿಕೊಂಡು ಎಲ್ಲರಿಗೂ "ಹೌದಜ್ಜಿ, ಸರಿಯಜ್ಜಿ" ಅನ್ನುತ್ತಿದ್ದ. ನಾನು ಸ್ವಂತ ಅಡುಗೆಮನೆಯಲ್ಲಿ ಚಹಾ ಹಂಚುವ ಆಳಾದೆ. ಆದರೂ ಒಂದು ಮಾತು ಹೇಳಬೇಕು: ಅಷ್ಟು ಬಾಯಿಗಳಿದ್ದೂ ಗುಟ್ಟು ಆಸ್ಪತ್ರೆ ಮುಟ್ಟಲಿಲ್ಲ. ಈ ಊರು ಇಟ್ಟುಕೊಂಡ ಮೊದಲ ಗುಟ್ಟು ಅದೇ ಇರಬೇಕು.

ಫುಮಿಯೆ ಊರುಗೋಲು ಹಿಡಿದು ಬಂದಳು. ನೇರ ಅಡುಗೆಮನೆಗೆ ಹೋಗಿ ತೋಳೇರಿಸಿ ಮರಿಗೆಗೆ ಕೈ ಹಾಕಿದಳು. ಮೊಮ್ಚಿಲ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ, ಚೌಕಟ್ಟು ನಡುಗುತ್ತಿತ್ತು. ಅವಳು ಒಂದು ಸೌತೆಕಾಯಿ ತೆಗೆದು, ತೊಳೆದು, ಹೋಳು ಮಾಡಿ ನನ್ನ ಮುಂದಿಟ್ಟಳು. ನಾನೊಂದು ಹೋಳು ಬಾಯಿಗೆ ಹಾಕಿಕೊಂಡೆ.

"ಅಬ್ಬಾ! ಥೇಟ್ ಅಮ್ಮನ ಕೈರುಚಿ!"

ಮೂವತ್ತು ವರ್ಷ ಗಿರಾಕಿಗಳ ಮುಂದೆ ಒಂದು ಮಾತೂ ಜಾರದಂತೆ ಕಾಯ್ದ ನಾಲಿಗೆ ಒಂದು ಸೌತೆಹೋಳಿಗೆ ಜಾರಿತು!

"ಏನಂದ್ರಿ?" ಫುಮಿಯೆಯ ಕೈ ನಿಂತಿತು. "ಮದುವೆಯಾದಾಗಿಂದ ಒಂದು ದಿನ ನನ್ನ ಉಪ್ಪಿನಕಾಯಿಗೆ ಈ ಮಾತು ಹೇಳಿದೀರಾ? ಏನು ಮಾಡಿದ್ರಿ ಇಬ್ರೂ, ನನ್ನ ಮರಿಗೇಗೆ?"

ನಾನು ಬದಲಿ ಸರಕು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೊಮ್ಚಿಲ್ ಮಂಡಿಯೂರಿ ಚಾಪೆಗೆ ಹಣೆ ಹಚ್ಚಿಬಿಟ್ಟ. "ಅಮ್ಮಾ, ತಪ್ಪು ನನ್ನದು. ಜಗಲಿ ಮೇಲಿಟ್ಟೆ. ಹಂದಿ ತಿಂದಿತು. ಎಲ್ಲ ತಿಂದಿತು. ನೀವು ಹೋಗು ಅಂದ್ರೆ ಹೋಗ್ತೀನಿ."

ಫುಮಿಯೆ ಮುಖಕ್ಕೆ ಅಂಗಿಯ ಅಂಚು ಒತ್ತಿಕೊಂಡಳು. ಭುಜ ಕುಲುಕತೊಡಗಿತು. ಅಳಿಸಿಬಿಟ್ಟೆವಲ್ಲ ಅಂದುಕೊಂಡೆ. ನೋಡಿದರೆ ನಗು! ಕೋಲು ಬೀಳುವಷ್ಟು ನಗು!

"ಅತ್ತೆ ಮರಿಗೆ ಎಲ್ಲಿತ್ತೋ ಹಂದಿ ತಿನ್ನೋಕೆ! ನಾನು ಸೊಸೆಯಾಗಿ ಬಂದ ಎರಡನೇ ಬೇಸಿಗೇಲೇ ಅದನ್ನ ಕೊಂದುಬಿಟ್ಟಿದ್ದೆ. ಬೂಷ್ಟು ಬಂದು ಕಪ್ಪಾಗಿತ್ತು. ಅತ್ತೆಗೆ ಗೊತ್ತಾಗೋದ್ರೊಳಗೆ ಹಿತ್ತಲಲ್ಲಿ ಹೂತೆ."

"ಮತ್ತೆ ಇಷ್ಟು ವರ್ಷ ನಾನು ತಿಂದಿದ್ದು?"

"ಪೊಟ್ಟಣದ್ದು. ಪಟ್ಟಣದ ದೊಡ್ಡ ಅಂಗಡೀದು. ಅದೇ, ನೀವು ದಿನಾ ಬೈತೀರಲ್ಲ, ಅವನದು."

ಎದೆಗೆ ಹಂದಿ ಗುಮ್ಮಿದಂತಾಯಿತು. "ಊರಲ್ಲಿ ಒಂದು ಹಿಡಿ ಕೇಳಬಾರದಿತ್ತೇನೆ?"

"ಹೇಗೆ ಕೇಳ್ಲಿ? ಆ ಹೆಪ್ಪು ಊರಿಗೆಲ್ಲ ಹಂಚಿದ್ದೇ ಅತ್ತೆ. ಎಲ್ಲರ ಮನೇಲೂ ಬದುಕಿತ್ತು, ನನ್ನ ಕೈಲಿ ಮಾತ್ರ ಸತ್ತಿತ್ತು." ಅವಳು ಕಣ್ಣೊರೆಸಿಕೊಂಡಳು. "ನೀವು ಒಂದೊಂದು ಹೋಳು ಬಾಯಿಗಿಟ್ಟಾಗ್ಲೂ ಇವತ್ತು ಗೊತ್ತಾಯ್ತು, ಇವತ್ತು ಗೊತ್ತಾಯ್ತು ಅಂತ ನಿಮ್ಮ ಮುಖಾನೇ ನೋಡ್ತಾ ಕೂತಿರ್ತಿದ್ದೆ. ಏಳೋ ಮಗಾ, ಹಣೆ ಸವೀತದೆ. ಅದು ಸರಿ, ಆ ಹಂದಿ ಏನಾದ್ರೂ ಮಿಗಿಸಿತ್ತೇನೋ?"

"ಇಲ್ಲಮ್ಮಾ. ನೆಕ್ಕಿಬಿಟ್ಟಿತ್ತು."

"ನೋಡಿದ್ರಾ?" ನನ್ನತ್ತ ತಿರುಗಿದಳು. "ನನ್ನ ಉಪ್ಪಿನಕಾಯಿ ಮೆಚ್ಚೋಕೆ ಕಾಡಿಂದ ಬರಬೇಕಾಯ್ತು!"

ನಾನು ಇನ್ನೊಂದು ಹೋಳು ಬಾಯಿಗೆ ಹಾಕಿಕೊಂಡೆ.

ಈಗ ಫುಮಿಯೆ ತಟ್ಟೆ ಇಟ್ಟು ನನ್ನ ಮುಖ ನೋಡುತ್ತಾ ಕಾಯುವುದಿಲ್ಲ. ತನ್ನ ಅನ್ನವನ್ನು ಬಿಸಿ ಆರುವ ಮುಂಚೆಯೇ ಉಣ್ಣುತ್ತಾಳೆ. ಮೊಮ್ಚಿಲ್‌ಗೆ ನಾನು ಋಣಿಯಾಗಿರುವುದು ಇದಕ್ಕೆ.