ನಾನು ಒಳಗೇ ಇದ್ದೆನೆಂದು ನನ್ನ ಕೋಣೆಯ ದೀಪಕ್ಕೊಂದು ಅರಿಕೆ

ಮೂರನೆಯ ಮಹಡಿಯ ಛಾವಣಿಯಲ್ಲಿ ವಿರಾಜಮಾನರಾಗಿ, ಅಲುಗಾಡುವವರನ್ನು ಮಾತ್ರ ಮನುಷ್ಯರೆಂದು ಮನ್ನಿಸುವ ಸ್ವಯಂಚಾಲಿತ ದೀಪ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಅಮೆರಿಕದ ಬೆಲ್‌ವ್ಯೂ ನಗರದ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಿನ್ಸಿಪಲ್ ಎಂಜಿನಿಯರ್ ಎಂಬ ಭಾರಿ ಹೆಸರಿನ, ಅದಕ್ಕಿಂತ ಭಾರಿ ಸಂಬಳದ ಕೆಲಸ ಮಾಡಿಕೊಂಡಿರುವ ನಾಣಿ ಎಂಬ ನಾನು, ಎರಡು ವರ್ಷ ತಮ್ಮ ಕೆಳಗೇ ಕೂತವನೆಂಬ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ತಾವು ನನ್ನನ್ನು ಗುರುತಿಸಲಾರಿರಿ ಎಂಬುದು ಗೊತ್ತಿದೆ, ಏಕೆಂದರೆ ನನ್ನ ದೂರೇ ಅದು.

ಎಲ್ಲರೂ ಉದ್ದನೆಯ ಮೇಜುಗಳಿಗೆ ಸಾಲಾಗಿ ಕೂರುವ ನಮ್ಮ ಆಫೀಸಿನಲ್ಲಿ ಬಾಗಿಲಿರುವ ಕೋಣೆ ಎಂದರೆ ಏನೆಂದು ಮೇಲಿರುವ ತಮಗೆ ಹೇಗೆ ತಿಳಿಯಬೇಕು? ಇಲ್ಲಿ ಸಂಬಳ ಎಲ್ಲರಿಗೂ ಕೊಡುತ್ತಾರೆ, ಬಾಗಿಲು ಕೊಡುವುದಿಲ್ಲ. ನನಗೆ ಬಾಗಿಲಿನ ಜೊತೆಗೆ ಕಿಟಕಿಯೂ ಸಿಕ್ಕಿತ್ತು. ಮೋಡವಿಲ್ಲದ ದಿನ ಅದರಲ್ಲಿ ರೇನಿಯರ್ ಪರ್ವತ ಕಾಣುತ್ತದೆ, ಉಳಿದ ದಿನಗಳಲ್ಲಿ ಅದು ಅಲ್ಲೇ ಇದೆ ಎಂದು ಊರಿಗೆ ಊರೇ ನಂಬಿಕೊಂಡು ಬದುಕುತ್ತದೆ. ಅಷ್ಟೇ ಔದಾರ್ಯವನ್ನು ತಾವು ನನ್ನ ವಿಷಯದಲ್ಲಿ ತೋರಿಸಿದ್ದರೆ ಸಾಕಿತ್ತು.

ಸ್ವಲ್ಪ ಹೊತ್ತು ಯಾರೂ ಅಲುಗಾಡದಿದ್ದರೆ ಕೋಣೆ ಖಾಲಿ ಎಂದು ತೀರ್ಮಾನಿಸಿ ಆರಿಹೋಗುವುದು ತಮ್ಮ ಧರ್ಮ. ಆಗೆಲ್ಲ ನಾನು ಮಂಡ್ಯದ ಬೈಪಾಸಿನಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗೆ ಕೈ ಅಡ್ಡ ಹಾಕುವವನ ಹಾಗೆ ಎರಡೂ ತೋಳು ಬೀಸಿ ತಮ್ಮನ್ನು ಎಬ್ಬಿಸುತ್ತಿದ್ದೆ. ಅಭ್ಯಾಸ ಎಷ್ಟು ಬೇರೂರಿತೆಂದರೆ, ಸ್ನೊಕ್ವಾಲ್ಮಿಯ ನಮ್ಮ ಮನೆಯಲ್ಲಿ ಊಟದ ನಡುವೆ ಏನೋ ಯೋಚಿಸುತ್ತಾ ಕೈ ಎತ್ತಿದಾಗ ಹೆಂಡತಿ ವಸಂತಲಕ್ಷ್ಮಿ, "ರೀ, ಇದು ಮನೆ, ಇಲ್ಲಿ ಸ್ವಿಚ್ ಇದೆ" ಎಂದು ನೆನಪಿಸಬೇಕಾಯಿತು.

ಕಳೆದ ಚಳಿಗಾಲದ ಒಂದು ವಿಡಿಯೊ ಮೀಟಿಂಗಿನಲ್ಲಿ ನಮ್ಮ ಡೈರೆಕ್ಟರ್, ಮೈಸೂರಿನ ಸುಪ್ರಿಯಾ ಅವರು, ಯಾರಿಗೂ ಬೇಡವಾದ ಪ್ರಾಜೆಕ್ಟೊಂದನ್ನು ಯಾರು ಒಪ್ಪಿಕೊಳ್ಳುತ್ತೀರಿ ಎಂದು ಕೇಳಿದ ಕ್ಷಣಕ್ಕೇ ತಾವು ಆರಿದಿರಿ. ನಾನು ತೋಳು ಬೀಸಿದೆ. ನಮ್ಮಲ್ಲಿ ಕೈ ಎತ್ತಿದವನೇ ಕೆಲಸದ ಯಜಮಾನ. "ಎರಡೂ ಕೈ ಎತ್ತಿದಾರೆ ನೋಡ್ರಿ, ಇದು ಎನರ್ಜಿ ಅಂದ್ರೆ" ಎಂದು ಅವರು ಹೊಗಳಿದ ಮೇಲೆ ಇಳಿಸಿ ಏನು ಪ್ರಯೋಜನ? ಕಟ್ಟಡದ ದೀಪಗಳೆಲ್ಲ ಯಾವಾಗ ಉರಿದವು, ಯಾವಾಗ ಆರಿದವು ಎಂದು ಒಂದು ತಿಂಗಳು ಗಮನಿಸಿ, ಖಾಲಿ ಬಿದ್ದಿರುವ ಕೋಣೆಗಳನ್ನು ವಾಪಸು ಪಡೆಯಲೆಂದು ನಕ್ಷೆಯ ಮೇಲೆ ಕೆಂಪಾಗಿ ತೋರಿಸುವ ಪ್ರೋಗ್ರಾಮ್ ಬರೆಯುವ ಭಾಗ್ಯ ಹೀಗೆ ನನ್ನ ಪಾಲಿಗೆ ಬಂತು.

ಮಾನ್ಯರೇ, ಇಲ್ಲಿ ಒಂದು ಗುಟ್ಟು ಹೇಳುತ್ತೇನೆ. ಪ್ರಿನ್ಸಿಪಲ್ ಆದಾಗಿನಿಂದ ನಾನು ಕೋಡ್ ಬರೆದಿರಲಿಲ್ಲ. ಬೇರೆಯವರು ಬರೆದದ್ದಕ್ಕೆ "ಚೆನ್ನಾಗಿದೆ, ಆದರೆ" ಎಂದು ಷರಾ ಹಾಕುವುದಕ್ಕೇ ನನಗೆ ಅಷ್ಟು ಸಂಬಳ. ಈ ನೆಪದಲ್ಲಿ ಆ ತಿಂಗಳ ಮೀಟಿಂಗುಗಳನ್ನೆಲ್ಲ ತಪ್ಪಿಸಿಕೊಂಡು, ಬಾಗಿಲು ಹಾಕಿಕೊಂಡು, ನಾನೇ ಬರೆಯಲು ಕೂತೆ. ಬೆರಳು ಬಿಟ್ಟು ಮೈಯಲ್ಲಿ ಬೇರೇನೂ ಅಲುಗಾಡಲಿಲ್ಲ. ತಾವು ಆರಿದಿರಿ, ನಾನು ಎಬ್ಬಿಸಲಿಲ್ಲ. ಮಾನಿಟರಿನ ಬೆಳಕು ಸಾಕಾಯಿತು. ಇಷ್ಟು ಖುಷಿಯಾಗಿ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ! ಪಕ್ಕದ ಕೋಣೆಯ ಚೇತನ್, ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಇಡೀ ದಿನ ಪುಟಿಯುತ್ತಾ ಫೋನಿನಲ್ಲಿ ಮಾತಾಡುವ ಮಹನೀಯ, ನಾನು ರಜೆಯಲ್ಲಿದ್ದೇನೆಂದೇ ತಿಳಿದಿದ್ದನಂತೆ.

ತಿಂಗಳ ಕೊನೆಗೆ ಎಲ್ಲರೆದುರು ನಾನೇ ನಕ್ಷೆ ತೆರೆದೆ. ಚೇತನ್ ಕೋಣೆ ಗಾಲ್ಫ್ ಮೈದಾನದಷ್ಟು ಹಸಿರಾಗಿತ್ತು. ಇಡೀ ಕಟ್ಟಡದಲ್ಲಿ ಎಲ್ಲಕ್ಕಿಂತ ಕೆಂಪಾಗಿದ್ದದ್ದು ನನ್ನ ಕೋಣೆ. ಕೈ ಬೀಸಿಕೊಂಡು ಮೀಟಿಂಗಿನಲ್ಲಿ ಕೂತಿದ್ದ ಕಾಲದಲ್ಲಿ ನನಗೆ ಪೂರ್ಣ ಹಾಜರಿ ಕೊಟ್ಟ ತಾವು, ನಾನು ನಿಜವಾಗಿ ದುಡಿದ ಒಂದೇ ತಿಂಗಳು ನನ್ನನ್ನು ಗೈರುಹಾಜರು ಮಾಡಿದಿರಿ! "ಡೇಟಾ ಸುಳ್ಳು ಹೇಳಲ್ಲ ಅಲ್ವಾ, ನಾಣಿ?" ಎಂದು ಸುಪ್ರಿಯಾ ಕೇಳಿದರು. ಸುಳ್ಳು ಎಂದರೆ ನನ್ನ ಪ್ರೋಗ್ರಾಮ್ ಕೆಟ್ಟಿದ್ದು, ನಿಜ ಎಂದರೆ ನನ್ನ ಕೋಣೆ ಹೋಯಿತು. ಆದರೂ ಎಂಜಿನಿಯರನ ಜಂಬ ನೋಡಿ, ಪ್ರೋಗ್ರಾಮ್ ಸರಿಯಾಗಿಯೇ ಇದೆ ಎಂದುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ: ದಯವಿಟ್ಟು ಒಮ್ಮೆ ಛಾವಣಿಯಿಂದ ಇಳಿದು ಬಂದು, ಆ ತಿಂಗಳು ನಾನು ಒಳಗೇ ಇದ್ದೆನೆಂದು ಸುಪ್ರಿಯಾ ಅವರೆದುರು ಸಾಕ್ಷಿ ನುಡಿಯಬೇಕು. ಅದು ತಮ್ಮ ಘನತೆಗೆ ತಕ್ಕದ್ದಲ್ಲವಾದರೆ, ಮುಂದೆ ಬರುವವರ ಬೆರಳುಗಳನ್ನಾದರೂ ಗಮನಿಸುವ ಕೃಪೆ ಮಾಡಬೇಕು. ನಾನಂತೂ ಈಗ ಕಾಫಿ ಮೆಷಿನ್ನಿನ ಪಕ್ಕದ ಉದ್ದನೆಯ ಮೇಜಿನಲ್ಲಿದ್ದೇನೆ, ಇಲ್ಲಿಯ ದೀಪ ಆರುವುದೇ ಇಲ್ಲ, ಯೋಚನೆ ಹತ್ತುವುದೂ ಇಲ್ಲ.

ಉರಿದರೂ ಆರಿದರೂ
ತಮ್ಮ ವಿಶ್ವಾಸಿ,
ನಾಣಿ

ತಾ.ಕ.: ನನ್ನ ಕೋಣೆಯನ್ನು ಈಗ ಧ್ಯಾನದ ಕೋಣೆ ಮಾಡಿದ್ದಾರೆ. ಮೊದಲ ದಿನ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ತಾವು ತಾವಾಗಿಯೇ ಆರಿದ್ದನ್ನು ಕಂಡು, ಎಂಥ ಸೂಕ್ಷ್ಮ ವ್ಯವಸ್ಥೆ ಎಂದು ಸುಪ್ರಿಯಾ ಕೊಂಡಾಡಿದರಂತೆ, ಅಭಿನಂದನೆಗಳು. ಈ ತಿಂಗಳ ನಕ್ಷೆ ಇವತ್ತು ಬಂದಿದೆ. ಕೋಣೆ ಮತ್ತೆ ಕೆಂಪಾಗಿದೆ. ಪ್ರೋಗ್ರಾಮಿನಲ್ಲಿ ತಪ್ಪೇನೂ ಇಲ್ಲ, ನಾನೇ ಪರೀಕ್ಷಿಸಿದ್ದೇನೆ.